ಪದ ಪರಿಚಯ: ಸ್ಥಳೀಯ ಪರಿಹಾರ ಮುಗಿಸುವುದು

ವಿದೇಶಿ ಹೂಡಿಕೆದಾರರಿಗೂ ಸರ್ಕಾರಕ್ಕೂ ತಕರಾರು ಬಂದರೆ, ಅಂತಾರಾಷ್ಟ್ರೀಯ ಮಧ್ಯಸ್ಥಿಕೆ ಮಂಡಳಿಗೆ ಹೋಗುವ ಮುಂಚೆ ಅದೇ ದೇಶದ ಕೋರ್ಟು-ಕಚೇರಿಗಳಲ್ಲಿ ನ್ಯಾಯ ಕೇಳಿರಬೇಕು ಎಂಬ ಷರತ್ತು ಇದು. ದೇಶ-ದೇಶಗಳ ನಡುವಿನ ಎಲ್ಲ ಹೂಡಿಕೆ ಒಪ್ಪಂದಗಳಲ್ಲೂ ಇದು ಇರುವುದಿಲ್ಲ. ಭಾರತದ 2016ರ ಮಾದರಿ ಒಪ್ಪಂದದಲ್ಲಿ (ಬೇರೆ ದೇಶಗಳ ಜೊತೆ ಮಾತುಕತೆಗೆ ಸರ್ಕಾರ ಇಟ್ಟುಕೊಂಡ ಕರಡು) ಇದರ ಅವಧಿ 5 ವರ್ಷ. 2024ರಲ್ಲಿ ಜಾರಿಗೆ ಬಂದ ಯುಎಇ ಒಪ್ಪಂದದಲ್ಲಿ 3 ವರ್ಷ.

ಕಾರವಾರದ ಹತ್ತಿರ ಜೆಟ್ಟಿ ಕಟ್ಟಲು ವಿದೇಶಿ ಕಂಪನಿಯೊಂದು ಹಣ ಹಾಕಿದೆ ಎನ್ನಿ. ರಾಜ್ಯ ಸರ್ಕಾರ ಗುತ್ತಿಗೆ ರದ್ದು ಮಾಡಿದ ಆದೇಶ 2025ರ ಜನವರಿ 10ರಂದು ಕೈಸೇರಿತು. ಮಾದರಿಯ ಪ್ರಕಾರ 1 ವರ್ಷದೊಳಗೆ ಇಲ್ಲಿನ ಕೋರ್ಟಿಗೆ ಹೋಗಬೇಕು. ರಿಟ್ ಅರ್ಜಿಯಾದರೆ ಹೈಕೋರ್ಟಿನ ಧಾರವಾಡ ಪೀಠಕ್ಕೆ. 5 ವರ್ಷ ತುಂಬುವುದು 2030ರ ಜನವರಿ 10ಕ್ಕೆ. ಆಮೇಲೆ ವಿವಾದದ ನೋಟಿಸು, 6 ತಿಂಗಳ ಮಾತುಕತೆ, ಮತ್ತೆ 90 ದಿನದ ಮಧ್ಯಸ್ಥಿಕೆ ನೋಟಿಸು. ಒಂದರ ಹಿಂದೊಂದು ಎಣಿಸಿದರೆ ಅಕ್ಟೋಬರ್ 8. ಆದರೆ ಒಟ್ಟು ಗಡುವೇ 6 ವರ್ಷ, ಅಂದರೆ 2031ರ ಜನವರಿ 10. ದಾವೆ ಹೂಡಲು ಉಳಿದದ್ದು 3 ತಿಂಗಳು!

ಬಹಳ ಕಡೆ ಎಡವುವುದು ಮೊದಲ ದಿನಾಂಕದಲ್ಲೇ. ಗಡಿಯಾರ ಶುರುವಾಗುವುದು ಆದೇಶ ‘ಗೊತ್ತಾದ ಅಥವಾ ಗೊತ್ತಾಗಬೇಕಿದ್ದ’ ದಿನದಿಂದ. ಲಕೋಟೆಯ ಅಂಚೆ ಮುದ್ರೆ ತೋರಿಸಿದರೂ, ಅದಕ್ಕೂ ಮುಂಚೆ ರಾಜ್ಯಪತ್ರದಲ್ಲಿ ಪ್ರಕಟವಾಗಿದ್ದರೆ ಸರ್ಕಾರದ ವಕೀಲರು ಆ ದಿನವನ್ನೇ ಹಿಡಿಯುತ್ತಾರೆ. ಇನ್ನೊಂದು: ಆದೇಶ ರಾಜ್ಯ ಸರ್ಕಾರದ್ದಾದರೂ ಹೊಣೆ ಭಾರತದ್ದು, ಆದರೆ ಗ್ರಾಮ ಪಂಚಾಯ್ತಿಯಂಥ ಸ್ಥಳೀಯ ಸಂಸ್ಥೆಯ ಕ್ರಮವನ್ನು ಮಾದರಿ ಒಪ್ಪಂದ ಹೊರಗಿಟ್ಟಿದೆ. ಅಂತೂ ಕೊನೆಗೆ ಲೆಕ್ಕಕ್ಕೆ ಬರುವುದು ಆ ದೇಶದ ಜೊತೆ ನಿಜವಾಗಿ ಸಹಿಯಾದ ಪಠ್ಯವೇ, ಮಾದರಿಯಲ್ಲ.

ಇಲ್ಲಿನ ದಾರಿಯಿಂದ ಪ್ರಯೋಜನವೇ ಇಲ್ಲ ಎಂದಾದರೆ ಷರತ್ತಿಗೆ ವಿನಾಯಿತಿಯುಂಟು, ಆದರೆ ಅದನ್ನು ಸಾಬೀತು ಮಾಡಬೇಕಾದವರು ಹೂಡಿಕೆದಾರರೇ. ಕೋರ್ಟಿನ ವಿಳಂಬವೂ ದೇಶಕ್ಕೆ ದುಬಾರಿಯಾದೀತು: ಸರ್ಕಾರಿ ಕಂಪನಿ ಕೋಲ್ ಇಂಡಿಯಾ ವಿರುದ್ಧ 2002ರಲ್ಲಿ ಗೆದ್ದ ಮಧ್ಯಸ್ಥಿಕೆ ತೀರ್ಪು ನಮ್ಮ ಕೋರ್ಟುಗಳಲ್ಲಿ 9 ವರ್ಷ ಕೊಳೆಯಿತೆಂದು ಆಸ್ಟ್ರೇಲಿಯಾದ ವೈಟ್ ಇಂಡಸ್ಟ್ರೀಸ್ 2011ರಲ್ಲಿ ಭಾರತದಿಂದಲೇ ಪರಿಹಾರ ಪಡೆಯಿತು.

ಹಾಗಿದ್ದೂ ಈ ಷರತ್ತು ಉಳಿಯಬೇಕು. ಜೆಟ್ಟಿಯಿಂದ ದೋಣಿ ಎಳೆಯುವ ಜಾಗ ಕಳೆದುಕೊಳ್ಳುವ ಮೀನುಗಾರರು ಧಾರವಾಡದಲ್ಲಿ ಅರ್ಜಿ ಹಾಕಿ, ಪ್ರತಿವಾದಿಗಳಾಗಿ ಸೇರಲು ಕೇಳಬಹುದು. ಮಧ್ಯಸ್ಥಿಕೆ ಮಂಡಳಿಯ ಎದುರು ಕಕ್ಷಿದಾರರು ಇಬ್ಬರೇ, ಕಂಪನಿ ಮತ್ತು ಸರ್ಕಾರ.