ಹೊಸ ಪೋಪ್ ಗಂಡಸೇ ಎಂದು ಪರೀಕ್ಷೆ ಮಾಡುತ್ತಾರಾ?

ಪ್ರಶ್ನೆ: ‘ಕಾನ್‌ಕ್ಲೇವ್’ ಸಿನಿಮಾ ನೋಡಿದೆ. ಹಿಂದೊಮ್ಮೆ ಹೆಣ್ಣೊಬ್ಬಳು ಗಂಡುವೇಷದಲ್ಲಿ ಪೋಪ್ ಆಗಿದ್ದಳಂತೆ. ಅಂದಿನಿಂದ ಆಯ್ಕೆಯಾದವರನ್ನು ತೂತಿರುವ ಕುರ್ಚಿಯ ಮೇಲೆ ಕೂರಿಸಿ ಗಂಡಸು ಹೌದೋ ಅಲ್ಲವೋ ಎಂದು ನೋಡುತ್ತಾರಂತೆ. ಸಿನಿಮಾದಲ್ಲಿ ಅದನ್ನು ಯಾಕೆ ತೋರಿಸಿಲ್ಲ?

ಉತ್ತರ: ಇಲ್ಲದ್ದನ್ನು ತೋರಿಸುವುದು ಹೇಗೆ? ಅಂಥ ಪರೀಕ್ಷೆ ಈಗಿಲ್ಲ, ಹಿಂದೆಯೂ ಇರಲಿಲ್ಲ. 2025ರ ಏಪ್ರಿಲ್ 21ರಂದು ಪೋಪ್ ಫ್ರಾನ್ಸಿಸ್ ತೀರಿಕೊಂಡಾಗಿನಿಂದ ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕವಿಟ್ಟಿಲ್ಲ. ಪ್ರತಿ ಸಲವೂ ನಾಲ್ಕು ಸಾಲಿನಲ್ಲಿ ಮುಗಿಸಿದೆ. ಅದಕ್ಕೇ ಇರಬೇಕು, ಯಾರಿಗೂ ಸಮಾಧಾನವಾಗಲಿಲ್ಲ. ಈ ಸಲ ಪೂರ್ತಿ ಬರೆಯುತ್ತೇನೆ. ಸಿನಿಮಾ ನೋಡದವರು ಮೊದಲು ನೋಡಿ ಬನ್ನಿ, ಅದರ ಕೊನೆಯನ್ನು ಹೇಳದೆ ವಿಧಿಯಿಲ್ಲ.

ಕಾನ್‌ಕ್ಲೇವ್ ಎಂದರೆ ಪೋಪರ ಕೆಳಗಿನ ಹಿರಿಯ ಧರ್ಮಗುರುಗಳಾದ ಕಾರ್ಡಿನಲ್‌ಗಳು ಬಾಗಿಲು ಮುಚ್ಚಿಕೊಂಡು ಹೊಸ ಪೋಪರನ್ನು ಆರಿಸುವ ಸಭೆ. ಎಡ್ವರ್ಡ್ ಬರ್ಗರ್ ನಿರ್ದೇಶನದ ಈ 2024ರ ಚಿತ್ರದಲ್ಲಿ ಕೊನೆಗೆ ಪೋಪ್ ಆಗುವವರು ಕಾರ್ಡಿನಲ್ ಬೆನಿಟೆಜ್. ಅವರ ದೇಹದಲ್ಲಿ ಹುಟ್ಟಿನಿಂದಲೇ ಗರ್ಭಕೋಶ ಇತ್ತೆಂಬುದು ಚುನಾವಣೆ ನಡೆಸುವ ಕಾರ್ಡಿನಲ್ ಲಾರೆನ್ಸ್‌ಗೆ ತಿಳಿಯುವುದು ಆಯ್ಕೆ ಮುಗಿದ ಮೇಲೆ. ದೊಡ್ಡವರಾದ ಮೇಲೆ ಒಂದು ಶಸ್ತ್ರಚಿಕಿತ್ಸೆ ಆಗುವತನಕ ಬೆನಿಟೆಜ್‌ಗೇ ಅದು ಗೊತ್ತಿರಲಿಲ್ಲ. ಅವರು ಯಾರನ್ನೂ ವಂಚಿಸಿದವರಲ್ಲ, ವೇಷ ಹಾಕಿದವರೂ ಅಲ್ಲ. ಇಷ್ಟು ಸೂಕ್ಷ್ಮವಾಗಿ ಕಟ್ಟಿದ ಪಾತ್ರವನ್ನು ಒಂದು ಹಳೆಯ ಚಾಡಿಮಾತಿಗೆ ಗಂಟು ಹಾಕಿದಾಗ ನನಗೆ ನಿಜಕ್ಕೂ ನೋವಾಗುತ್ತದೆ.

ಆ ಚಾಡಿಮಾತನ್ನೇ ಈಗ ನೋಡೋಣ. 855ರಲ್ಲಿ ನಾಲ್ಕನೆಯ ಲಿಯೋ ತೀರಿಕೊಂಡ ಮೇಲೆ ಜಾನ್ ಎಂಬ ಹೆಸರಿನಲ್ಲಿ ಒಬ್ಬ ಹೆಣ್ಣು ಪೋಪ್ ಆದಳು, ಎರಡೂವರೆ ವರ್ಷ ಆಳಿದಳು, ಮೆರವಣಿಗೆಯ ನಡುವೆ ರೋಮಿನ ಬೀದಿಯಲ್ಲಿ ಹೆತ್ತಳು ಎಂಬುದು ಕಥೆ. ಇದನ್ನು ಯಾರು, ಯಾವಾಗ ಬರೆದರು ಎಂದು ಮೊದಲು ಕೇಳಿಕೊಳ್ಳಿ. ಕಥೆ ಮೊದಲು ಕಾಣಿಸಿಕೊಳ್ಳುವುದು 1250ರ ಸುಮಾರಿಗೆ, ಡೊಮಿನಿಕನ್ ಸಂಸ್ಥೆಯ ಸನ್ಯಾಸಿಯೊಬ್ಬರ ಬರಹದಲ್ಲಿ. ಅಲ್ಲಿ ಆಕೆಗೆ ಹೆಸರೂ ಇಲ್ಲ, ಕಾಲವೂ ಬೇರೆ. ಆಕೆಗೆ ಹೆಸರು, 855ರ ಇಸವಿ, ಆಳಿದ ದಿನಗಳ ಲೆಕ್ಕ ಎಲ್ಲ ಸೇರಿದ್ದು ಮುಂದೆ ಓಪಾವಾದ ಮಾರ್ಟಿನ್ ಎಂಬವರ ಚರಿತ್ರೆಯ ಪ್ರತಿಗಳಲ್ಲಿ. ನಡುವಿನ ನಾಲ್ಕುನೂರು ವರ್ಷ ಯಾರ ಬಾಯಲ್ಲೂ ಈ ಮಾತಿಲ್ಲ.

ಮಿಗಿಲಾಗಿ, ಆಕೆ ಆಳಲು ಜಾಗವೇ ಇಲ್ಲ. ಲಿಯೋ ತೀರಿಕೊಂಡದ್ದು 855ರ ಜುಲೈಯಲ್ಲಿ. ಮೂರನೆಯ ಬೆನೆಡಿಕ್ಟ್ ಪೀಠವೇರಿದ್ದು ಅದೇ ವರ್ಷದ ಸೆಪ್ಟೆಂಬರ್ ಕೊನೆಯಲ್ಲಿ. ಚಕ್ರವರ್ತಿ ಲೋಥಾರ್ ಸತ್ತದ್ದೂ ಅದೇ ದಿನಗಳಲ್ಲಿ. ಬೆನೆಡಿಕ್ಟ್ ಮತ್ತು ಲೋಥಾರ್ ಇಬ್ಬರ ಹೆಸರೂ ಇರುವ ನಾಣ್ಯ ಸಿಕ್ಕಿದೆ. ಚಕ್ರವರ್ತಿ ಸತ್ತ ಸುದ್ದಿ ರೋಮಿಗೆ ಮುಟ್ಟುವ ಮುಂಚೆಯೇ ಅದು ಟಂಕಿಸಿದ್ದಾಗಿರಬೇಕು. ಎರಡೂವರೆ ವರ್ಷ ಎಲ್ಲಿಂದ ತರುತ್ತೀರಿ?

ಇದಕ್ಕಿಂತ ದೊಡ್ಡ ಸಾಕ್ಷಿ ನನ್ನ ಮಟ್ಟಿಗೆ ಫೋತಿಯಸ್. ಆತ ಅದೇ ಶತಮಾನದ ಕಾನ್‌ಸ್ಟಾಂಟಿನೋಪಲ್‌ನ ಧರ್ಮಪಿತ. ರೋಮಿನೊಂದಿಗೆ ಬದ್ಧದ್ವೇಷ ಕಟ್ಟಿಕೊಂಡವನು. ರೋಮಿನ ಪೀಠದಲ್ಲಿ ಹೆಣ್ಣು ಕೂತಿದ್ದಳೆಂಬ ಸುಳಿವು ಸಿಕ್ಕಿದ್ದರೆ ಆ ಕಾಲದಲ್ಲಿ ಅವನು ಸುಮ್ಮನಿರುತ್ತಿದ್ದನೇ? ಅಂಥವನು ಕೂಡ ಲಿಯೋ ನಂತರ ಬಂದದ್ದು ಬೆನೆಡಿಕ್ಟ್ ಎಂದೇ ಬರೆದಿದ್ದಾನೆ. ಕಟ್ಟಕಡೆಗೆ 1647ರಲ್ಲಿ ಈ ಕಥೆಯನ್ನು ಎಳೆಎಳೆಯಾಗಿ ಬಿಡಿಸಿ ಸುಳ್ಳೆಂದು ತೋರಿಸಿದ ದಾವೀದ್ ಬ್ಲೊಂಡೆಲ್ ಪ್ರೊಟೆಸ್ಟೆಂಟ್ ವಿದ್ವಾಂಸ. ಪೋಪರ ಮಾನ ಉಳಿಸಬೇಕಾದ ಹಂಗು ಅವರಿಗಿರಲಿಲ್ಲ. ಸತ್ಯಕ್ಕಾಗಿ ತಮ್ಮವರ ಕೈಯಲ್ಲಿದ್ದ ಆಯುಧವನ್ನೇ ಕೆಳಗಿಡಿಸಿದ ಅಂಥವರನ್ನು ನೆನೆದರೆ ಮನಸ್ಸು ತುಂಬಿ ಬರುತ್ತದೆ.

ಹಾಗಾದರೆ ಕುರ್ಚಿ? ಕುರ್ಚಿ ನಿಜ. ಕೆಂಪು ಅಮೃತಶಿಲೆಯ, ಆಸನದಲ್ಲಿ ತೂತಿರುವ ಎರಡು ಪುರಾತನ ರೋಮನ್ ಪೀಠಗಳು ಇದ್ದವು. ಒಂದು ಈಗ ವ್ಯಾಟಿಕನ್ ಮ್ಯೂಸಿಯಂನಲ್ಲಿದೆ, ಇನ್ನೊಂದು ಪ್ಯಾರಿಸ್‌ನ ಲೂವ್ರ್‌ನಲ್ಲಿ. ಸ್ನಾನಗೃಹದ ಆಸನವೋ ಹೆರಿಗೆಯ ಪೀಠವೋ ಎಂದು ವಿದ್ವಾಂಸರು ಚರ್ಚಿಸುತ್ತಾರೆ. ಅಪರೂಪದ ಕಲ್ಲು, ಚಕ್ರವರ್ತಿಗಳ ಕಾಲದ್ದು ಎಂಬ ಗೌರವಕ್ಕೆ ಅವನ್ನು ರೋಮಿನಲ್ಲಿ ಆಗ ಪೋಪರ ನಿವಾಸವಾಗಿದ್ದ ಲ್ಯಾಟರನ್ ಅರಮನೆಯಲ್ಲಿ ಹೊಸ ಪೋಪರ ಪೀಠಾರೋಹಣಕ್ಕೆ ಬಳಸಿದರು. 1099ರಲ್ಲಿ ಎರಡನೆಯ ಪಾಸ್ಕಲ್ ಅವುಗಳ ಮೇಲೆ ಕೂತ ದಾಖಲೆಯಿದೆ. ಇಸವಿಗಳನ್ನು ಹೊಂದಿಸಿ ನೋಡಿ: ಕುರ್ಚಿ ಮೊದಲು, ಪರೀಕ್ಷೆಯ ಕಥೆ ಸುಮಾರು ಇನ್ನೂರು ವರ್ಷ ಆಮೇಲೆ. ತೂತು ಕಂಡ ಜನ ಅದಕ್ಕೊಂದು ಕಾರಣ ಹುಡುಕಿಕೊಂಡರು, ಅಷ್ಟೇ.

ಲ್ಯಾಟರನ್ ದೇವಾಲಯದ ಮುಂದೆ ಮೂರನೆಯದೊಂದು ಪೀಠವಿತ್ತು. ಅದನ್ನು ತಿಪ್ಪೆಯ ಪೀಠ ಎನ್ನುತ್ತಿದ್ದರು. ಹೊಸ ಪೋಪ್ ಅದರ ಮೇಲೆ ಕೂತಾಗ, ದೀನನನ್ನು ಧೂಳಿನಿಂದಲೂ ಬಡವನನ್ನು ತಿಪ್ಪೆಯಿಂದಲೂ ದೇವರು ಮೇಲೆತ್ತುತ್ತಾನೆ ಎಂಬ ಬೈಬಲ್ಲಿನ ಮಾತು ಹೇಳುತ್ತಿದ್ದರು. ಇಷ್ಟು ಎತ್ತರಕ್ಕೆ ಬಂದೆ, ಎಲ್ಲಿಂದ ಬಂದೆ ಎಂಬುದನ್ನು ಮರೆಯಬೇಡ ಎಂದು ಕಿವಿಯಲ್ಲಿ ಹೇಳಿದಂತೆ. ಇಂಥ ಅರ್ಥವಂತ ಆಚರಣೆ ಮರೆತುಹೋಗಿ ಅಸಹ್ಯದ ಕಥೆ ಉಳಿದುಕೊಂಡಿತು.

ಇಷ್ಟಾದ ಮೇಲೂ ಕೆಲವರು ಕೊನೆಯ ಅಸ್ತ್ರ ತೆಗೆಯುತ್ತಾರೆ: ‘ಇಪ್ಪತ್ತನೆಯ ಜಾನ್ ಎಂಬ ಪೋಪ್ ಯಾಕಿಲ್ಲ?’ ನಿಜ, ಇಲ್ಲ. 1276ರಲ್ಲಿ ಆಯ್ಕೆಯಾದವರು ನೇರ ಇಪ್ಪತ್ತೊಂದನೆಯವರಾದರು. ಮಧ್ಯಯುಗದ ಪಟ್ಟಿಗಳಲ್ಲಿ ಹತ್ತನೆಯ ಶತಮಾನದ ಜಾನ್‌ಗಳ ಎಣಿಕೆ ತಪ್ಪಿ ಒಬ್ಬರು ಹೆಚ್ಚಾಗಿದ್ದರು. ಅದು ಲೆಕ್ಕದ ತಪ್ಪು, ಮುಚ್ಚಿಟ್ಟ ಹೆಣ್ಣಲ್ಲ.

ನಿಜವಾಗಿ ನಡೆಯುವುದು ಬಹಳ ಸರಳ. ಮೂರನೇ ಎರಡರಷ್ಟು ಮತ ಬಿದ್ದವರಿಗೆ ಎರಡೇ ಪ್ರಶ್ನೆ: ಆಯ್ಕೆಯನ್ನು ಒಪ್ಪುತ್ತೀರಾ? ಯಾವ ಹೆಸರು ಇಟ್ಟುಕೊಳ್ಳುತ್ತೀರಿ? ಆಮೇಲೆ ‘ಕಣ್ಣೀರಿನ ಕೋಣೆ’ಗೆ ಹೋಗಿ, ಸಿದ್ಧವಾಗಿಟ್ಟ ಮೂರು ಅಳತೆಯ ಬಿಳಿ ನಿಲುವಂಗಿಗಳಲ್ಲಿ ಹೊಂದುವುದನ್ನು ತೊಡುತ್ತಾರೆ. 2025ರ ಮೇ 8ರಂದು, 133 ಕಾರ್ಡಿನಲ್‌ಗಳ ಮತದಿಂದ ಹದಿನಾಲ್ಕನೆಯ ಲಿಯೋ ಆಯ್ಕೆಯಾದದ್ದೂ ಹೀಗೆಯೇ. ಆ 133ರಲ್ಲಿ ನಾಲ್ವರು ಭಾರತದವರು.

ಎರಡನೆಯ ಪ್ರಶ್ನೆಯ ಮೇಲೆಯೇ ಈ ಸಿನಿಮಾ ನಿಂತಿದೆ ಎನ್ನುವುದು ನನ್ನ ಅಭಿಪ್ರಾಯ. ಪ್ರತಿಯೊಬ್ಬ ಕಾರ್ಡಿನಲ್ ಒಳಗೊಳಗೇ ಒಂದು ಹೆಸರನ್ನು ಆರಿಸಿಟ್ಟುಕೊಂಡಿರುತ್ತಾನೆ ಎಂಬ ಮಾತು ಅಲ್ಲಿ ಬರುತ್ತದೆ. ತನಗೆ ಆಸೆಯಿಲ್ಲ, ಪ್ರಾರ್ಥನೆಯೇ ಕಷ್ಟವಾಗಿದೆ ಎನ್ನುವ ಲಾರೆನ್ಸ್ ಕೂಡ ಕಡೆಗೆ ತನ್ನದನ್ನು ಒಪ್ಪಿಕೊಳ್ಳುತ್ತಾರೆ: ಜಾನ್. ತನ್ನ ಹೆಸರಿಗೇ ಮತ ಬರೆದು ಹಾಕುವಷ್ಟರಲ್ಲಿ ಸ್ಫೋಟವಾಗಿ ಕಿಟಕಿ ಒಡೆಯುತ್ತದೆ. ನೋಡುವುದಾದರೆ ಅದನ್ನು ನೋಡಿ.

ಇನ್ನು, ಯಾರೂ ಕೇಳದ, ಆದರೆ ಕೇಳಬೇಕಾಗಿದ್ದ ಒಂದು ವಿಷಯ. ಬೆನಿಟೆಜ್ ಅವರನ್ನು ಸತ್ತ ಪೋಪ್ ಗುಟ್ಟಾಗಿ ಕಾರ್ಡಿನಲ್ ಮಾಡಿದ್ದರು. ಲ್ಯಾಟಿನ್‌ನಲ್ಲಿ ಇದಕ್ಕೆ ‘ಇನ್ ಪೆಕ್ಟೊರೆ’ ಎನ್ನುತ್ತಾರೆ, ಎದೆಯೊಳಗೆ ಎಂದರ್ಥ. ಪದ್ಧತಿ ನಿಜ, ಆದರೆ ಪೋಪ್ ಬದುಕಿರುವಾಗಲೇ ಹೆಸರನ್ನು ಪ್ರಕಟಿಸಬೇಕು. ಎರಡನೆಯ ಜಾನ್ ಪಾಲ್ 2003ರಲ್ಲಿ ಹೀಗೆ ಒಬ್ಬರನ್ನು ನೇಮಿಸಿ, ಹೆಸರು ಹೇಳದೆಯೇ 2005ರಲ್ಲಿ ತೀರಿಕೊಂಡರು. ಆ ನೇಮಕ ಅವರೊಂದಿಗೇ ಹೋಯಿತು. ಹೀಗಾಗಿ ನಿಯಮದ ಪ್ರಕಾರ ಬೆನಿಟೆಜ್ ಮತ ಹಾಕುವಂತಿರಲಿಲ್ಲ. ಆದರೆ ಆಯ್ಕೆಯಾಗಲು ಕಾರ್ಡಿನಲ್ ಆಗಿರಲೇಬೇಕೆಂದಿಲ್ಲ. 1378ರಲ್ಲಿ ಇಟಲಿಯ ಬಾರಿ ಎಂಬ ಊರಿನ ಆರ್ಚ್‌ಬಿಷಪ್ ಒಬ್ಬರು ಕಾರ್ಡಿನಲ್ ಆಗದೆಯೇ ಆರನೆಯ ಅರ್ಬನ್ ಆದರು, ಹಾಗೆ ಆದವರಲ್ಲಿ ಅವರೇ ಕೊನೆಯವರು. ಬೆನಿಟೆಜ್ ಬಾಗಿಲ ಹೊರಗೇ ನಿಂತಿದ್ದರೂ, ಒಳಗಿದ್ದವರು ಅವರ ಹೆಸರು ಬರೆಯಬಹುದಿತ್ತು.