ಕೆಂಡ ಸರಿ ಇದ್ದರೆ ಧೂಪ ಸರಿ

ಚರ್ಚಿನಲ್ಲಿ ಹಬ್ಬದ ಬಲಿಪೂಜೆ (ಮಾಸ್) ಮುಗಿದ ಮೇಲೆ ಕೇಳಿಬರುವ ದೂರು ಹೆಚ್ಚಾಗಿ ಒಂದೇ: ‘ಇವತ್ತು ಹೊಗೆ ಜಾಸ್ತಿ ಆಯ್ತು, ಕೆಮ್ಮು ತಡೆಯೋಕೆ ಆಗಲಿಲ್ಲ.’ ಪೂಜೆಯಲ್ಲಿ ಗುರುಗಳಿಗೆ ನೆರವಾಗುವ ಪೀಠಸೇವಕರಿಗೆ ತರಬೇತಿ ಕೊಡುವ ನಾನು ಆಗ ಮೊದಲು ಕೇಳುವುದು ಕೆಂಡದ ಬಗ್ಗೆ. ಧೂಪದ ಲೆಕ್ಕ ಆಮೇಲೆ.

ಧೂಪದ ಪಾತ್ರೆಯನ್ನು ಹತ್ತಿರದಿಂದ ನೋಡಿ. ಕೆಳಗೆ ಬಟ್ಟಲು, ಮೇಲೆ ತೂತುಗಳ ಮುಚ್ಚಳ. ಸಾಮಾನ್ಯವಾಗಿ ಮೂರು ಸರಪಳಿಗಳು ಬಟ್ಟಲನ್ನು ಹಿಡಿದಿರುತ್ತವೆ, ನಾಲ್ಕನೆಯದು ಮುಚ್ಚಳ ಎತ್ತಲು. ಜೊತೆಗೆ ಧೂಪ ತುಂಬಿದ ದೋಣಿಯಾಕಾರದ ಪುಟ್ಟ ಡಬ್ಬಿ, ಒಂದು ಚಮಚ. ಪಾತ್ರೆ ತೂಗಿದಾಗ ತೂತುಗಳಿಂದ ಗಾಳಿಯಾಡಿ ಕೆಂಡ ಉರಿಯುತ್ತದೆ. ನಿಲ್ಲಿಸಿದರೆ ಬೂದಿ ಕಟ್ಟಿ ಮಂಕಾಗುತ್ತದೆ. ಶುಭಸಂದೇಶದ (ಯೇಸುವಿನ ಜೀವನ-ಬೋಧನೆಯ) ವಾಚನಕ್ಕೆ ಕಾಯುತ್ತಾ ನಿಂತ ಹುಡುಗ ಅದನ್ನು ಮೆಲ್ಲಗೆ ಆಡಿಸುತ್ತಿರುವುದು ಇದಕ್ಕೇ. ದಯವಿಟ್ಟು ಗದರಬೇಡಿ.

ಈಗ ಕೆಮ್ಮಿನ ವಿಷಯ. ಅಂಗಡಿಯಲ್ಲಿ ಸಿಗುವ ಇದ್ದಿಲು ಬಿಲ್ಲೆಗೆ ಬೇಗ ಹೊತ್ತಲಿ ಅಂತ ಪೆಟ್ಲುಪ್ಪು ಸೇರಿಸಿರುತ್ತಾರೆ. ಬೆಂಕಿ ತಾಗಿಸಿದರೆ ಚಟಪಟ ಕಿಡಿ ಹಾರುತ್ತದೆ, ಘಾಟು ಏಳುತ್ತದೆ. ಆಗಲೇ ಧೂಪ ಹಾಕಿದರೆ ಗಂಟಲು ಹಿಡಿಯದೆ ಇನ್ನೇನು? ಬಿಲ್ಲೆಯ ಮೇಲೆಲ್ಲಾ ಬಿಳಿ ಬೂದಿ ಮೂಡುವವರೆಗೆ ಹೊರಗೇ ಇಟ್ಟು ಕಾಯಬೇಕು. ಪೂಜೆಗೆ ಹತ್ತು ನಿಮಿಷ ಮೊದಲೇ ಹೊತ್ತಿಸಿದರೆ ಸಾಕು. ತೆಂಗಿನ ಕರಟದ ಇದ್ದಿಲಾದರೆ ಹೊತ್ತಲು ತಡ, ಆದರೆ ಈ ಘಾಟು ಇರುವುದಿಲ್ಲ. ನನಗೆ ಅದೇ ಇಷ್ಟ. ಧೂಪವನ್ನೂ ಒಮ್ಮೆಗೇ ಸುರಿಯಬಾರದು. ಕೆಂಪಗೆ ಕಾದ ಕೆಂಡದ ಮೇಲೆ ಧೂಪದ ಅಂಟು ಕರಗುವ ಮೊದಲೇ ಸುಟ್ಟು ಕಪ್ಪು ಹೊಗೆ ಬರುತ್ತದೆ.

ಜ್ಞಾನಿಗಳು ಬಾಲ ಯೇಸುವಿಗೆ ತಂದ ಧೂಪ ಬಾಸ್‌ವೆಲಿಯಾ ಜಾತಿಯ ಮರದ ಅಂಟು. ಒಮಾನಿನ ಧೋಫಾರ್ ಇವತ್ತಿಗೂ ಅದಕ್ಕೆ ಹೆಸರುವಾಸಿ. ನಮ್ಮ ಪೇಟೆಯಲ್ಲಿ ಸಾಂಬ್ರಾಣಿ ಅಂತ ಸಿಗುವುದು ಹೆಚ್ಚಾಗಿ ಬೇರೆ ಮರದ್ದು, ವಾಸನೆ ಇನ್ನಷ್ಟು ಸಿಹಿ. ಎರಡೂ ನಡೆಯುತ್ತವೆ. ಕಪ್ ಸಾಂಬ್ರಾಣಿಯನ್ನು ಮಾತ್ರ ಮನೆಯಲ್ಲೇ ಇಟ್ಟುಕೊಳ್ಳಿ.

ಮೊದಮೊದಲು ಕ್ರೈಸ್ತರು ಪೂಜೆಯಲ್ಲಿ ಧೂಪವನ್ನು ದೂರವೇ ಇಟ್ಟಿದ್ದರು. ರೋಮಿನ ದೇವತೆಗಳ ಮುಂದೆ ಚಿಟಿಕೆ ಧೂಪ ಹಾಕಿದರೆ ಜೀವ ಉಳಿಯುತ್ತಿತ್ತು, ಇಲ್ಲದಿದ್ದರೆ ಶಿಕ್ಷೆ. ಹೀಗಿರುವಾಗ ಆ ವಾಸನೆಯೇ ಬೇಡ ಅನ್ನಿಸಿರಬೇಕು, ಅಲ್ವಾ? 4ನೇ ಶತಮಾನದ ಕೊನೆಗೆ ಕಾಲ ಬದಲಾಗಿತ್ತು. ಯಾತ್ರೆಗೆ ಹೋದ ಎಜೀರಿಯಾ ಎಂಬ ಮಹಿಳೆ, ಜೆರುಸಲೇಮಿನ ಪುನರುತ್ಥಾನ ದೇವಾಲಯದೊಳಗೆ ಭಾನುವಾರ ಧೂಪದ ಪಾತ್ರೆಗಳನ್ನು ತರುತ್ತಿದ್ದುದನ್ನು ಬರೆದಿಟ್ಟಿದ್ದಾಳೆ.

ಇಂದಿನ ರೋಮನ್ ಕಥೋಲಿಕ ಪದ್ಧತಿಯಲ್ಲಿ ಪರಮಪ್ರಸಾದ (ಪವಿತ್ರೀಕರಿಸಿದ ರೊಟ್ಟಿ), ಶಿಲುಬೆ, ಕಾಣಿಕೆ, ಗುರುಗಳು, ಜನರು, ಇವರಿಗೆಲ್ಲ ಮೂರು ಸಲ ಬೀಸುತ್ತಾರೆ. ಸಂತರ ಪ್ರತಿಮೆಗೆ ಎರಡು ಸಲ. ಜನರಿಗೂ ಮೂರು ಅನ್ನುವುದನ್ನು ಗಮನಿಸಿ. ಸ್ಪೇನಿನ ಸಾಂತಿಯಾಗೊ ದೆ ಕಾಂಪೊಸ್ಟೆಲಾದಲ್ಲಂತೂ ಬೀಸುವುದಕ್ಕೇ ಎಂಟು ಜನ ಬೇಕು. 1851ರಲ್ಲಿ ಮಾಡಿದ, ಬೊಟಾಫುಮೈರೊ ಎಂಬ ಅಲ್ಲಿನ ದೈತ್ಯ ಧೂಪದ ಪಾತ್ರೆ ಸುಮಾರು 53 ಕಿಲೋ ತೂಗುತ್ತದೆ. ಪಾತ್ರೆ ಕೆಳಗಿಳಿದಾಗ ಹಗ್ಗ ಎಳೆದು, ಮೇಲೇರಿದಾಗ ಸಡಿಲ ಬಿಟ್ಟು, ಒಂದೂವರೆ ನಿಮಿಷದೊಳಗೆ ಅದನ್ನು ಚಾವಣಿಯ ಹತ್ತಿರ ಹಾರಿಸುತ್ತಾರೆ. ನಮ್ಮ ಹುಡುಗರಿಗೆ ಆ ವಿಡಿಯೋ ತೋರಿಸುವ ಮುನ್ನ ಎರಡು ಸಲ ಯೋಚಿಸಿ!

ಪೂಜೆ ಮುಗಿದ ಮೇಲೆ ಕೆಂಡವನ್ನು ಮರಳಿನ ಬಕೆಟ್ಟಿಗೆ ಹಾಕಿ, ಕಸದ ಡಬ್ಬಿಗಂತೂ ಬೇಡ. ಬೂದಿಯೊಳಗೆ ಕೆಂಡ ತುಂಬಾ ಹೊತ್ತು ಜೀವಂತ ಇರುತ್ತದೆ. ಪಾತ್ರೆ ಪೂರ್ತಿ ತಣ್ಣಗಾದ ಮೇಲೆ ಬಿಸಿನೀರಿನಲ್ಲಿ ನೆನೆಸಿ ಅಂಟು ತೆಗೆಯಿರಿ. ಮುಚ್ಚಳದ ತೂತುಗಳನ್ನು ಮರೆಯಬೇಡಿ.