ಹಸಿರು ದೀಪ ರಸ್ತೆಯನ್ನು ಅಗಲ ಮಾಡುವುದಿಲ್ಲ

“ಅಡಾಪ್ಟಿವ್ ಸಿಗ್ನಲ್ ಹಾಕಿದ್ದಾಯಿತು, ಸಾಲು ಮಾತ್ರ ಹಾಗೇ ಇದೆಯಲ್ಲ ಸಾರ್?” ಗಾಡಿಗಳನ್ನು ಗಮನಿಸಿ ಹಸಿರಿನ ಹೊತ್ತನ್ನು ತಾನೇ ಬದಲಿಸಿಕೊಳ್ಳುವ ಈ ಸಿಗ್ನಲ್ ಹಾಕುವ ನನ್ನ ಪ್ರತಿ ಯೋಜನೆಯಲ್ಲೂ ಯಾರಾದರೊಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ. ಕ್ಯಾಮೆರಾ, ಸೆನ್ಸರ್, ಸಾಫ್ಟ್‌ವೇರ್ ಬಗ್ಗೆ ಎಲ್ಲರೂ ಓದಿಕೊಂಡು ಬಂದಿರುತ್ತಾರೆ. ಹಸಿರಿನ ಲೆಕ್ಕವನ್ನು ಮಾತ್ರ ಯಾರೂ ಹಾಕಿರುವುದಿಲ್ಲ.

ಹಸಿರು ಬಿದ್ದಾಗ ಒಂದು ಲೇನಿನಿಂದ ಹೆಚ್ಚುಕಡಿಮೆ ಎರಡು ಸೆಕೆಂಡಿಗೊಂದು ಕಾರು ಗೆರೆ ದಾಟುತ್ತದೆ. ನಾಲ್ಕು ದಿಕ್ಕು, ದಿಕ್ಕಿಗೊಂದೇ ಲೇನ್, ನಾಲ್ಕಕ್ಕೂ ಒಮ್ಮೊಮ್ಮೆ ಹಸಿರು ಬಂದು ಮುಗಿಯಲು 120 ಸೆಕೆಂಡಿನ ಒಂದು ಸುತ್ತು ಎಂದಿಟ್ಟುಕೊಳ್ಳಿ. ಒಂದು ದಿಕ್ಕಿನಿಂದ ಇನ್ನೊಂದಕ್ಕೆ ಸರದಿ ಹೋಗುವಾಗ ಸುಮಾರು 4 ಸೆಕೆಂಡ್ ಪೋಲಾಗುತ್ತದೆ, ನಾಲ್ಕು ಸಲಕ್ಕೆ 16. ಉಳಿದ 104 ಸೆಕೆಂಡಿನಲ್ಲಿ ದಾಟುವುದು 52 ಕಾರು. ಬರುವುದು 60 ಆದರೆ? ಸುತ್ತಿಗೆ ಎಂಟು ಉಳಿದವು. ಗಂಟೆಗೆ 30 ಸುತ್ತು. ಸಾಲಿನಲ್ಲಿ 240 ಕಾರು. ಆ ಎಂಟು ಯಾವ ದಿಕ್ಕಿನಲ್ಲಿ ಕಾಯಬೇಕೆಂದು ಸಿಗ್ನಲ್ ತೀರ್ಮಾನಿಸಬಲ್ಲದು, ಅವನ್ನು ದಾಟಿಸಲಾರದು. ಸುತ್ತನ್ನು 180 ಸೆಕೆಂಡಿಗೆ ಎಳೆದರೂ ಗಂಟೆಗೆ 160 ಕಾರು ಉಳಿಯುತ್ತವೆ. ಕಾಲ್ನಡಿಗೆಯವರು ಅಷ್ಟು ಹೊತ್ತು ಕಾಯದೆ ಕೆಂಪಿನಲ್ಲೇ ನುಗ್ಗುತ್ತಾರೆ, ಅವರನ್ನು ದೂರಲು ನನಗೆ ಮನಸ್ಸಾಗದು.

ಹಾಗೆಂದು ಈ ಅಡಾಪ್ಟಿವ್ ವ್ಯವಸ್ಥೆಗಳು ವ್ಯರ್ಥವಲ್ಲ. 1970ರ ದಶಕದಲ್ಲಿ ಸಿಡ್ನಿಯಲ್ಲಿ ರೂಪುಗೊಂಡ ಸ್ಕ್ಯಾಟ್ಸ್, ಬ್ರಿಟನ್ನಿನ ಸ್ಕೂಟ್ ಇಂದಿಗೂ ದುಡಿಯುತ್ತಿವೆ. 52 ದಾಟಬಹುದಾದಲ್ಲಿ 40 ಬರುತ್ತಿದ್ದು, ಒಮ್ಮೆ ಈ ಕಡೆ ಒಮ್ಮೆ ಆ ಕಡೆ ಏರಿಳಿತವಿದ್ದರೆ ಅವು ನಿಜಕ್ಕೂ ಚೆನ್ನ: ಖಾಲಿ ರಸ್ತೆಗೆ ಸುಮ್ಮನೆ ಉರಿಯುವ ಹಸಿರನ್ನು ಪಕ್ಕದವರಿಗೆ ಕೊಡುತ್ತವೆ.

ನಾನು ನೋಡಿದ ಒಂದು ಜಂಕ್ಷನ್ನಿನಲ್ಲಿ ಒಂದೇ ದಿಕ್ಕಿಗೆ ಹಸಿರು ಉದ್ದವಾಗುತ್ತಲೇ ಹೋಗುತ್ತಿತ್ತು, ಸಾಲು ಕರಗುತ್ತಿರಲಿಲ್ಲ. ಹೋಗಿ ನಿಂತು ನೋಡಿದರೆ ಜಂಕ್ಷನ್ ದಾಟಿದ ಕೂಡಲೇ ಬಸ್ ನಿಲ್ದಾಣ. ಬಸ್ಸಿನ ಹಿಂದೆ ಗಾಡಿಗಳು ನಿಂತು ಬಿಡುತ್ತಿದ್ದವು, ಹಸಿರಿದ್ದರೂ ಮುಂದೆ ಹೋಗಲು ಜಾಗವಿಲ್ಲ. ಗಾಡಿ ನಿಂತಿದೆ ಎಂಬುದಷ್ಟೇ ಸೆನ್ಸರಿಗೆ ಕಾಣುತ್ತಿತ್ತು, ಏಕೆ ನಿಂತಿದೆ ಎಂಬುದಲ್ಲ. ಹಾಗಾಗಿ ಇನ್ನಷ್ಟು ಹಸಿರು ಕೇಳುತ್ತಿತ್ತು, ಉಳಿದ ಮೂರು ದಿಕ್ಕಿನವರು ಸುಮ್ಮನೆ ಕಾಯುತ್ತಿದ್ದರು. ನಿಲ್ದಾಣವನ್ನು ಮುಂದಕ್ಕೆ ಸರಿಸಿದ ಮೇಲೆ ಸಾಲು ಬಹಳ ಮಟ್ಟಿಗೆ ಇಳಿಯಿತು. ಎಲ್ಲೆಡೆ ಕಾರಣ ಇದೇ ಇರುತ್ತದೆ ಎನ್ನಲಾರೆ. ಆದರೆ ಟೆಂಡರ್ ಕರೆಯುವ ಮುಂಚೆ ದಟ್ಟಣೆಯ ಹೊತ್ತಿನಲ್ಲಿ ಅಲ್ಲಿ ಹೋಗಿ ನಿಲ್ಲಿ, ಹಸಿರಿದ್ದಾಗ ಗಾಡಿಗಳು ನಿಜವಾಗಿ ಚಲಿಸುತ್ತಿವೆಯೇ ಎಂದು ನೋಡಿ. ಚಲಿಸದಿದ್ದರೆ ನನಗಿಂತ ಮೊದಲು ರಸ್ತೆ ವಿನ್ಯಾಸದ ಎಂಜಿನಿಯರನ್ನು ಕರೆಸಿ.